ಇಪ್ಪತ್ತೆರಡು ಪಾಯಿಂಟ್ ನಾಲ್ಕು

ಹನಿ ಮೇಡಂ ಎಂದು ಹೆಸರಿಟ್ಟವರು ವಿದ್ಯಾರ್ಥಿಗಳು. ಈಗ ಕಾಲೇಜಿನಲ್ಲಿ ನಾವೂ ಹಾಗೇ ಕರೆಯುತ್ತೇವೆ. ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಇಪ್ಪತ್ತೊಂದು ವರ್ಷದಿಂದ ಅವರದು ಒಂದೇ ಜಪ: "ಒಂದು ಹನಿ ಬಿಡು. ನೋಡು. ಆಮೇಲೆ ಇನ್ನೊಂದು." ಬ್ಯುರೆಟ್ ಎಂಬ ಗೆರೆ ಹಾಕಿದ ಗಾಜಿನ ನಳಿಕೆಯಿಂದ ಕೆಳಗಿನ ಫ್ಲಾಸ್ಕಿನ ಆಮ್ಲಕ್ಕೆ ಕ್ಷಾರ ಬಿಡಬೇಕು, ನಸುಗುಲಾಬಿ ಬಣ್ಣ ಮೂಡಿ ನಿಂತ ಕೂಡಲೇ ನಲ್ಲಿ ತಿರುಗಿಸಿ ಗೆರೆ ಓದಬೇಕು. ಇಷ್ಟೇ ಕೆಲಸ. ಇಷ್ಟಕ್ಕೆ ಅವರು ಮಾಡುವ ರಂಪವನ್ನು ಪಕ್ಕದ ಭೌತಶಾಸ್ತ್ರ ವಿಭಾಗದಲ್ಲಿ ಕೂತು ಕೇಳುತ್ತಲೇ ನನ್ನ ತಲೆ ಬೆಳ್ಳಗಾಯಿತು.

ಕೊರೋನಾದಿಂದ ಕಾಲೇಜು ಮುಚ್ಚಿದ್ದ ಎರಡು ವರ್ಷದಲ್ಲಿ ಈ ಪ್ರಯೋಗವನ್ನು ಅವರು ಮನೆಯ ಅಡುಗೆಕಟ್ಟೆಯ ಮೇಲೆ ಮಾಡಿ ತೋರಿಸಿದ್ದರು. ಗಂಡ ಮೊಬೈಲ್ ಹಿಡಿದಿದ್ದರು, ಅತ್ತೆ ಕೆಮ್ಮು ತಡೆದುಕೊಂಡು ಮೂಲೆಯಲ್ಲಿ ಕೂತಿದ್ದರು. ಹನ್ನೊಂದು ನಿಮಿಷದ ಆ ವಿಡಿಯೋವನ್ನು ವಿದ್ಯಾರ್ಥಿಗಳು ಎಷ್ಟು ಸಲ ನೋಡಿದರೋ. ಪ್ರಿನ್ಸಿಪಾಲರಂತೂ ಬಂದವರಿಗೆಲ್ಲ ಅದನ್ನೇ ತೋರಿಸುತ್ತಿದ್ದರು.

ಬಾಗಿಲು ತೆರೆದ ಮೇಲೆ ಹೊಸ ಬೋಧನಾ ಯೋಜನೆ ಬಂತು. ವಾರಕ್ಕೆ ಎರಡಿದ್ದ ಪ್ರಯೋಗದ ತರಗತಿ ಇನ್ನು ತಿಂಗಳಿಗೆ ಒಂದು, ಉಳಿದದ್ದು ವಿಡಿಯೋ. ಮೇಡಂ ಉರಿದುಬಿದ್ದರು. ತಾವೇ ಬೇರೆ ಯೋಜನೆ ಬರೆದು ಕೊಟ್ಟರು: ಎರಡು ತರಗತಿಯೂ ಇರಲಿ, ಮೊದಲ ಆರು ವಾರ ಬರೀ ಕೈಗೆ ಕೆಲಸ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಪ್ರಿನ್ಸಿಪಾಲರು ಯೋಜನೆಗೆ ಸಹಿ ಹಾಕಬೇಕಾದ ಸಮಿತಿಯನ್ನೇ ಪ್ರಯೋಗಾಲಯಕ್ಕೆ ಕರೆಸಿದರು. ವಿಡಿಯೋ ನೋಡಿ ಕಲಿತ ಒಂಬತ್ತು ಜನ ಪ್ರಯೋಗ ಮಾಡುವುದು. ಸರಿ ಬಂದರೆ ತಿಂಗಳಿಗೆ ಒಂದೇ ತರಗತಿ, ತಪ್ಪಿದರೆ ಮೇಡಂ ಹೇಳಿದಂತೆ.

ಆ ಬೆಳಿಗ್ಗೆ ಮೇಡಂ ಎಂದಿನಂತೆ ಹೊಸದಾಗಿ ಆಮ್ಲ ಬೆರೆಸಿದರು. ಪ್ರತಿ ಸಲ ಹೊಸ ದ್ರಾವಣ, ಪ್ರತಿ ಸಲ ಬಣ್ಣ ಮೂಡುವ ಗೆರೆಯೂ ಬೇರೆ. ತಾವೇ ಒಮ್ಮೆ ಮಾಡಿ ನೋಡಿ, ಚೀಟಿಯಲ್ಲಿ 18 ಎಂದು ಬರೆದು ಮಡಚಿಟ್ಟುಕೊಂಡರು.

ಒಂಬತ್ತು ಮೇಜುಗಳಲ್ಲೂ ಹನಿ ಬೀಳತೊಡಗಿತು. ಪಕ್ಕದ ವಿಭಾಗದಿಂದ ನಾನೂ ನೋಡಲು ಬಂದಿದ್ದೆ. ನನ್ನೆದುರಿನ ಹುಡುಗಿಯ ಫ್ಲಾಸ್ಕಿನಲ್ಲಿ ಹದಿನೆಂಟಕ್ಕೆ ಬಣ್ಣ ಮೂಡಿತು. ಅವಳ ಕೈ ನಿಂತಿತು. ಆಮೇಲೆ, ನನಗೆ ನಂಬಲಾಗಲಿಲ್ಲ, ಮತ್ತೆ ಬಿಡತೊಡಗಿದಳು. ನಸುಗುಲಾಬಿ ಹೋಗಿ ಬೀಟ್‌ರೂಟ್ ನೀರಿನಂತಾಯಿತು.

ಸಮಿತಿಯ ಅಧ್ಯಕ್ಷರು ಲೆಕ್ಕದ ಮೇಷ್ಟ್ರು. ಫ್ಲಾಸ್ಕುಗಳತ್ತ ನೋಡಲೇ ಇಲ್ಲ, ಉತ್ತರದ ಹಾಳೆಗಳನ್ನು ಜೋಡಿಸಿಕೊಂಡು ಓದಿದರು. "ಇಪ್ಪತ್ತೆರಡು ಪಾಯಿಂಟ್ ನಾಲ್ಕು. ಒಂಬತ್ತಕ್ಕೆ ಒಂಬತ್ತೂ ಅದೇ. ನಿಮ್ಮ ವಿಡಿಯೋ ಗೆದ್ದಿದೆ ಮೇಡಂ, ಇನ್ನೇನು ಬೇಕು?" ಎಂದು ಸಹಿಗೆ ಪೆನ್ನು ತೆಗೆದರು. ಪ್ರಿನ್ಸಿಪಾಲರ ಮುಖ ಅರಳಿತು.

ಮೇಡಂ ಹುಡುಗಿಯ ಬಳಿ ಹೋದರು.

"ಬಣ್ಣ ಮುಂಚೆನೇ ಬಂತಲ್ಲಮ್ಮಾ, ಯಾಕೆ ನಿಲ್ಲಿಸ್ಲಿಲ್ಲ?"

"ಬಂತು ಮೇಡಂ. ನಾನೇ ಏನೋ ತಪ್ಪು ಮಾಡಿದೀನಿ ಅನ್ಕೊಂಡೆ. ವಿಡಿಯೋದಲ್ಲಿ ನೀವು ಇಪ್ಪತ್ತೆರಡು ಪಾಯಿಂಟ್ ನಾಲ್ಕಕ್ಕೆ ನಿಲ್ಲಿಸಿದ್ರಿ."

ಮೇಡಂ ಚೀಟಿ ಬಿಚ್ಚಿ ಅಧ್ಯಕ್ಷರ ಮುಂದಿಟ್ಟರು. "ಸರ್, ಇವತ್ತಿನ ಉತ್ತರ ಹದಿನೆಂಟು. ಅವರು ಬರೆದಿರೋದು ನನ್ನ ಉತ್ತರ. ಅವತ್ತು ನಮ್ಮನೆ ಅಡುಗೆಕಟ್ಟೆ ಮೇಲೆ ಬಂದಿದ್ದು."

"ಹಾಗಾದ್ರೆ ನಿಮ್ಮ ಎರಡು ವರ್ಷದ ಪಾಠ ಗಿಣಿಪಾಠ ಆಯ್ತು ಅಂತ ಬರ್ಕೊಡ್ತೀರಾ?"

"ಬರ್ಕೊಡ್ತೀನಿ."

ನಿಂತೇ ಬರೆದರು, ನಾಲ್ಕು ಸಾಲು. ಅಷ್ಟು ಜನರ ಮುಂದೆ, ತಮ್ಮ ವಿದ್ಯಾರ್ಥಿಗಳ ಮುಂದೆ. ನಾನಾಗಿದ್ದರೆ ಬಾಯಿಗೆ ಬೀಗ ಹಾಕಿಕೊಂಡು ಹೊಗಳಿಕೆ ಕಟ್ಟಿಕೊಂಡು ಮನೆಗೆ ಹೋಗುತ್ತಿದ್ದೆ. ಇದನ್ನು ಹೇಳಲು ನನಗೆ ನಾಚಿಕೆಯಾಗುತ್ತದೆ. ಅಧ್ಯಕ್ಷರು ಓದಿದರು, ಆಗ ಮೊದಲ ಸಲ ಫ್ಲಾಸ್ಕುಗಳನ್ನು ನೋಡಿದರು, 'ತಿಂಗಳಿಗೆ ಒಂದು' ಎಂಬುದನ್ನು ಹೊಡೆದು ಹಾಕಿದರು. ಪ್ರಿನ್ಸಿಪಾಲರು ಮೇಡಂ ಜೊತೆ ಮಾತಾಡದೆ ಹೊರಟುಹೋದರು.

ಹುಡುಗಿ ಅಲ್ಲೇ ನಿಂತಿದ್ದಳು. "ಮೇಡಂ, ಇನ್ನೊಂದ್ಸಲ ಮಾಡ್ಲಾ?"

"ಮಾಡು. ನಾನು ನೋಡಲ್ಲ." ಮೇಡಂ ಕಿಟಕಿಯತ್ತ ತಿರುಗಿ ನಿಂತರು.

ಹನಿ ಬಿದ್ದಿತು, ನಿಂತಿತು. ಹುಡುಗಿ ಬಗ್ಗಿ ಗೆರೆ ಓದಿ, "ಹದಿನೇಳು ಪಾಯಿಂಟ್ ಒಂಬತ್ತು," ಎಂದಳು. "ಸರೀನಾ ಮೇಡಂ?"

ಮೇಡಂ ತಿರುಗಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡದ್ದು ನನಗೆ ಕಂಡಿತು.

"ಬಣ್ಣ ನೋಡಿದ್ಯಾ?"

"ನೋಡ್ದೆ."

"ಹಾಗಾದ್ರೆ ನನ್ನನ್ನ ಯಾಕೆ ಕೇಳ್ತೀಯಾ? ಬರ್ಕೋ."