ಸ್ಪ್ರಿಂಗ್ ಸೈಕಲ್ಲಿಗೆ ಕ್ಯಾರಿಯರ್

ನಾನು ನಾಲ್ಕು ತಿಂಗಳು ತಲೆ ಕೆಡಿಸಿಕೊಂಡು ಆರಿಸಿ ತಂದ ಸೈಕಲ್ಲನ್ನು ರಾಜೇಸಾಬ ಅರ್ಧ ತಾಸಿನಲ್ಲಿ ರಿಪೇರಿ ಮಾಡಿಕೊಟ್ಟ.

ಸೈಕಲ್ ಕೆಟ್ಟಿರಲಿಲ್ಲ. ಮನೆಗೆ ಬಂದು ಎಂಟು ದಿನವೂ ಆಗಿರಲಿಲ್ಲ. ಆದರೂ ರಿಪೇರಿ ಆಯಿತು. ನಾನು ಅಲ್ಲೇ ಸ್ಟೂಲಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದೆ. ಬೇಡ ಎನ್ನುವಷ್ಟು ತ್ರಾಣವೂ ನನ್ನಲ್ಲಿ ಉಳಿದಿರಲಿಲ್ಲ.

ಮೊದಲಿನಿಂದ ಹೇಳುತ್ತೇನೆ.

ನನ್ನ ಬೆನ್ನಿನ ಸುದ್ದಿ ಈ ಅಂಕಣ ಓದುವವರಿಗೆ ಹೊಸದಲ್ಲ. (ಹೊಸಬರಿಗಾಗಿ: ಬನಹಟ್ಟಿಯಲ್ಲಿ ಮನೆ, ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರಿಕೆ, ವಯಸ್ಸು ಐವತ್ತರ ಹತ್ತಿರ, ಸೊಂಟದ ಒಂದು ಡಿಸ್ಕ್ ತನ್ನ ಜಾಗ ಬಿಟ್ಟಿದೆ.) ಮುಧೋಳದ ಡಾಕ್ಟರು ಎಕ್ಸ್‌ರೇ ಎತ್ತಿ ಹಿಡಿದು ಹೇಳಿದರು: “ಸ್ಕೂಟರ್ ಬಂದ್ ಮಾಡ್ರಿ. ಸೈಕಲ್ ಹೊಡೀರಿ, ಹೊಟ್ಟಿ ಇಳೀತೈತಿ. ಆದ್ರ ಬೆನ್ನಿಗೆ ಧಕ್ಕಿ ಬಡೀಬಾರದು ನೋಡ್ರಿ.”

ಸ್ಕೂಟರನ್ನು ಮಾರಿಬಿಟ್ಟೆ. ಸರಿ, ಧಕ್ಕೆ ಬಡಿಯದ ರಸ್ತೆ ನಮ್ಮ ಕಡೆ ಯಾವುದಿದೆ? ಕಬ್ಬಿನ ಹಂಗಾಮು ಶುರುವಾದರೆ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು ಡಾಂಬರನ್ನು ಕಿತ್ತು ಹಾಕುತ್ತವೆ. ಹಂಗಾಮು ಮುಗಿದ ಮೇಲೆ ತಗ್ಗಿಗೆ ಮಣ್ಣು ಬೀಳುತ್ತದೆ. ಮಳೆಗೆ ಮಣ್ಣು ಹೋಗುತ್ತದೆ. ಅಷ್ಟರಲ್ಲಿ ಮತ್ತೆ ಹಂಗಾಮು.

ಇಂಟರ್ನೆಟ್ಟು ಪರಿಹಾರ ಹೇಳಿತು. ಫುಲ್ ಸಸ್ಪೆನ್ಷನ್ ಮೌಂಟೇನ್ ಬೈಕ್. ಮುಂದಿನ ಗಾಲಿಗೂ ಸ್ಪ್ರಿಂಗ್, ಹಿಂದಿನ ಗಾಲಿಗೂ ಸ್ಪ್ರಿಂಗ್. ಗಾಲಿ ತಗ್ಗಿಗೆ ಇಳಿದರೂ ಕೂತವನ ಸೊಂಟಕ್ಕೆ ಸುದ್ದಿ ಮುಟ್ಟುವುದಿಲ್ಲ. ಬೆಟ್ಟ ಇಳಿಯುವವರಿಗಾಗಿ ಮಾಡಿದ್ದಂತೆ. ಅವರು ಒಮ್ಮೆ ಜಮಖಂಡಿ ರಸ್ತೆ ನೋಡಬೇಕಿತ್ತು.

ಅಲ್ಲಿಂದ ಶುರುವಾಯಿತು ನೋಡಿ ನನ್ನ ಸುಸ್ತು.

ಅಗ್ಗದವು ಇದ್ದವು. ನಮ್ಮ ಊರಿನ ಸೈಕಲ್ ಅಂಗಡಿಯಲ್ಲೇ ಒಂದು ತೂಗುಹಾಕಿದ್ದರು, ಕೆಂಪು ಬಣ್ಣ, ನಡುವೆ ದಪ್ಪ ಸ್ಪ್ರಿಂಗು. ಕೆಳಗಿಳಿಸಿ ಅದರ ಮೇಲೆ ಕೂತು ಕುಪ್ಪಳಿಸಿದೆ. ಸ್ಪ್ರಿಂಗ್ ಮಿಸುಕಲಿಲ್ಲ. ಎತ್ತಿ ನೋಡಿದೆ, ಸೊಂಟ ಕಟ್ ಎಂದಿತು. ಅದು ನೋಟಕ್ಕೆ ಇಟ್ಟ ಸ್ಪ್ರಿಂಗು. ಇನ್ನು ನಿಜವಾದ ಒಳ್ಳೆಯವು? ಆ ದುಡ್ಡಿಗೆ ಕಾರು ಬರುತ್ತದೆ. ನಡುವಿನ ಬಜೆಟ್ಟಿನವನಿಗೆ ಉಳಿಯುವುದೇನು? ಮುಂದಿನ ಸ್ಪ್ರಿಂಗ್ ಚೆನ್ನಾಗಿದ್ದರೆ ಬ್ರೇಕ್ ಸುಮಾರು. ಬ್ರೇಕ್ ಚೆನ್ನಾಗಿದ್ದರೆ ಹಿಂದಿನ ಸ್ಪ್ರಿಂಗ್ ಸುಮಾರು. ಎರಡೂ ಚೆನ್ನಾಗಿದ್ದರೆ ನನ್ನ ಸೈಜ್ ಇಲ್ಲ. ಗಾಲಿಯಲ್ಲೇ ಮೂರು ಅಳತೆ, ಫ್ರೇಮಿನಲ್ಲಿ ನಾಲ್ಕು. ಒಬ್ಬ ವಿಡಿಯೋದಲ್ಲಿ ಕೂತು, ಈ ಬಜೆಟ್ಟಿನಲ್ಲಿ ಹಿಂದಿನ ಸ್ಪ್ರಿಂಗೇ ಬೇಡ, ಮುಂದಿನದು ಸಾಕು ಅನ್ನುತ್ತಾನೆ. ಇನ್ನೊಬ್ಬ, ಹಾಗಂದವನ ಮಾತು ಕೇಳಬೇಡಿ ಅನ್ನುತ್ತಾನೆ.

ಶ್ರೀಮಂತ ಬೆರಳು ತೋರಿಸಿ ತರುತ್ತಾನೆ. ಇಲ್ಲದವನು ಸಿಕ್ಕಿದ್ದನ್ನು ಹತ್ತುತ್ತಾನೆ. ಆರಿಸಿ ಆರಿಸಿ ಸಾಯುವವರು ನಡುವಿನ ನಾವು. ಪ್ರೆಷರ್ ಕುಕ್ಕರಿನಿಂದ ಹಿಡಿದು ಮಗಳ ಕಾಲೇಜಿನ ತನಕ ಇದೇ ಹಾಡು, ಅಲ್ಲವೇ? ಕೊನೆಗೆ ಕೊಂಡ ಖುಷಿಗಿಂತ ಹುಡುಕುವುದು ಮುಗಿಯಿತಲ್ಲ ಎಂಬ ಸಮಾಧಾನವೇ ದೊಡ್ಡದು.

ಅಂತೂ ಬೆಳಗಾವಿಯ ಅಂಗಡಿಯೊಂದರಲ್ಲಿ ಹಿಂದಿನ ವರ್ಷದ ಮಾಡೆಲ್ ಒಂದು ಉಳಿದಿತ್ತು. ಬೆಲೆ ಇಳಿಸಿದ್ದರು. ಸೈಜ್ ಸರಿ ಇತ್ತು. ಫ್ರೇಮ್ ಅಲ್ಯುಮಿನಿಯಂ, ಹಗುರ. ಅಂಗಡಿಯ ಮೆಟ್ಟಿಲ ಮೇಲಿಂದಲೇ ಕೂತುಕೊಂಡು ಇಳಿಸಿದೆ. ಸೊಂಟ ಸುಮ್ಮನಿತ್ತು! ಎಷ್ಟೋ ತಿಂಗಳ ಮೇಲೆ ಬೆನ್ನು ನನಗೇನೂ ಬೈಯಲಿಲ್ಲ. ಕಣ್ಣಲ್ಲಿ ನೀರು ಬಂತೆಂದರೆ ನಗಬೇಡಿ.

ಅಂಗಡಿಯವ ಸ್ಪ್ಯಾನರ್ ಹಿಡಿದು ಕೇಳಿದ: “ಸರ್, ನಿಮ್ಮ ತೂಕ ಎಷ್ಟರೀ?”

“ಯಾಕಪಾ?”

“ಹಿಂದಿನ ಸ್ಪ್ರಿಂಗ್ ತೂಕಕ್ಕ ಹೊಂದಿಸಿ ಕೊಡ್ತೇನ್ರಿ. ನೀವೊಬ್ಬರ ಅಲ್ರೀ ಕುಂಡ್ರೋರು?”

“ನಾ ಒಬ್ಬನ,” ಅಂದೆ. ಹೆಮ್ಮೆಯಿಂದಲೇ ಅಂದೆ.

ಮನೆಯಲ್ಲಿ ನನ್ನ ಹೆಂಡತಿ ಮಹಾದೇವಿ ಆರತಿ ಮಾಡಿದಳು, ಹ್ಯಾಂಡಲ್ಲಿಗೆ ವಿಭೂತಿ ಹಚ್ಚಿದಳು, ಗಾಲಿಯಡಿ ನಿಂಬೆಹಣ್ಣು ಇಟ್ಟಳು. ಆಮೇಲೆ ಸೈಕಲ್ ಸುತ್ತ ಒಂದು ಸುತ್ತು ಬಂದು ಹಿಂದೆ ನಿಂತಳು.

“ಕ್ಯಾರಿಯರ್ ಎಲ್ಲೈತ್ರಿ?”

ಇಂಥ ಸೈಕಲ್ಲಿಗೆ ಕ್ಯಾರಿಯರ್ ಇರುವುದಿಲ್ಲ, ಹಿಂದಿನ ಗಾಲಿ ತನ್ನಷ್ಟಕ್ಕೆ ಮೇಲೆ ಕೆಳಗೆ ಆಡಬೇಕು ಎಂದು ಎಂಟನೇ ಕ್ಲಾಸಿಗೆ ಹೇಳುವ ಹಾಗೆ ಬಿಡಿಸಿ ಹೇಳಿದೆ. ಸೀಸದಕಡ್ಡಿಯಿಂದ ಚಿತ್ರವನ್ನೂ ಬರೆದೆ. ಆಕೆ ಪೂರ್ತಿ ಕೇಳಿದಳು. “ಹೌದೇನ್ರಿ” ಎಂದು ಒಳಗೆ ಹೋದಳು.

ಓಣಿಯವರು ಅಷ್ಟು ಸುಲಭಕ್ಕೆ ಬಿಡುತ್ತಾರೆಯೇ? ಎದುರು ಮನೆಯ ಈರಪ್ಪ ಕಾಕಾ, ನಾಲ್ಕು ಪವರ್‌ಲೂಮಿನ ಯಜಮಾನ, ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ ತಪ್ಪದೆ ಕೇಳಿದರು: “ಮಾಸ್ತರ, ಅಷ್ಟು ರೊಕ್ಕಾ ತಗೊಂಡಾರ, ಒಂದು ಕ್ಯಾರಿಯರ್ ಕೊಟ್ಟಿಲ್ಲಲ್ಲೋ! ನೂಲಿನ ಗಂಟು ಎಲ್ಲಿ ಇಡ್ತಿ?” ನಾನು ನೇಯುವವನಲ್ಲ ಕಾಕಾ ಎಂದರೆ, “ಹಂಗಾರ ಹಿಟ್ಟಿನ ಡಬ್ಬಿ?” ಹಾಲಿನವನೂ ಕೇಳಿದ. ಗಿರಣಿಯವನೂ ಕೇಳಿದ. ಕ್ಲಾಸಿನಲ್ಲಿ ಮಕ್ಕಳೂ ಕೇಳಿದರು. ಉತ್ತರ ಹೇಳಿ ಹೇಳಿ ನನ್ನ ಬಾಯಿ ಸೋತಿತು.

ರವಿವಾರ ಸೈಕಲ್ಲನ್ನು ರಾಜೇಸಾಬನ ಶೆಡ್ಡಿಗೆ ತಳ್ಳಿಕೊಂಡು ಹೋದೆ. ಆತ ಬನಹಟ್ಟಿಯ ಅರ್ಧ ಮಗ್ಗಗಳನ್ನು ರಿಪೇರಿ ಮಾಡಿ ನಡೆಸುತ್ತಿರುವ ಫಿಟ್ಟರ್. ಎಂಥ ಕಬ್ಬಿಣವೂ ಆತನ ಮಾತು ಕೇಳುತ್ತದೆ.

“ಒಂದು ಕ್ಯಾರಿಯರ್ ಹಚ್ಚಪಾ, ಏನರ ಮಾಡು,” ಅಂದೆ.

“ಇದು ಅಲ್ಯುಮಿನಿಯಂ ಐತ್ರಿ, ವೆಲ್ಡಿಂಗ್ ಹಿಡ್ಯಾಂಗಿಲ್ಲ. ಕ್ಯಾರಿಯರ್ ಕಬ್ಬಿಣದ್ದು ಮಾಡಿ, ಪಟ್ಟಿ ಹಾಕಿ ಬೋಲ್ಟ್ ಬಿಗೀತೇನಿ. ಗಟ್ಟಿ ಆಗಬೇಕಲ್ರಿ?”

“ಗಟ್ಟಿ ಆಗಲಿ.”

ಗಟ್ಟಿ ಆಯಿತು. ಕ್ಯಾರಿಯರಿನ ಎರಡು ಕಾಲು ಹಿಂದಿನ ಗಾಲಿಯ ಅಚ್ಚಿಗೆ, ಎರಡು ಕಾಲು ಸೀಟಿನ ಕೆಳಗಿನ ಕಂಬಕ್ಕೆ. ಹೊರಡುವಾಗ ಸೀಟಿನ ಮೇಲೆ ಕೂತೆ. ಗಾಲಿಗೂ ಸೀಟಿಗೂ ನಡುವೆ ಕಬ್ಬಿಣ ಸೆಟೆದು ನಿಂತಿತ್ತು, ಹಿಂದಿನ ಸ್ಪ್ರಿಂಗ್ ಅಲುಗಲಿಲ್ಲ. ಒತ್ತಿದೆ, ಕುಪ್ಪಳಿಸಿದೆ. ಊಹೂಂ.

“ರಾಜೇಸಾಬ, ಇದು ಆಡಾಂಗಿಲ್ಲಲ್ಲೋ!”

ಆತನ ಮುಖ ಅರಳಿತು. “ಹೌದ್ರಿ ಮಾಸ್ತರ! ಗಾಲಿ ಸಿಕ್ಕಾಪಟ್ಟಿ ಅಳ್ಳಾಡಾಕತ್ತಿತ್ತು. ಹೊಸ ಸೈಕಲ್ ಅಂತೀರಿ, ಯಾರೂ ನೋಡೇ ಇಲ್ಲ. ನಾ ಟೈಟ್ ಮಾಡೇನಿ. ಇನ್ನ ಹತ್ತು ವರ್ಸ ಅಳ್ಳಾಡಾಂಗಿಲ್ಲ.”

ಮಗ್ಗದಲ್ಲಿ ಏನಾದರೂ ಅಲುಗಿದರೆ ಬಟ್ಟೆ ಕೆಟ್ಟಿತು ಎಂದೇ ಅರ್ಥ. ಆತ ಹುಟ್ಟಿದಾಗಿನಿಂದ ಅಲುಗುವುದನ್ನು ನಿಲ್ಲಿಸುತ್ತಲೇ ಬಂದವನು. ಆತನನ್ನು ಹೇಗೆ ಬೈಯಲಿ? ಸ್ಪ್ರಿಂಗಿನ ಪಾಠ ಮಾಡುವ ಮಾಸ್ತರನೇ ಕಣ್ಣೆದುರು ಕೂತು ಚಹಾ ಕುಡಿದಿದ್ದ. ನಾನು ಮುಖ ಗಂಟು ಹಾಕಿಕೊಂಡದ್ದನ್ನು ನೋಡಿ ಆತ, “ಬ್ಯಾಡಾದ್ರ ನಾಕು ಬೋಲ್ಟ್ ಅಷ್ಟರೀ, ಬಿಚ್ಚಿದ್ರ ಮುಗೀತು,” ಎಂದು ಸ್ಪ್ಯಾನರ್ ಒಂದನ್ನು ನನ್ನ ಚೀಲಕ್ಕೆ ಹಾಕಿದ.

ಮನೆಯ ಮುಂದೆ ಸೈಕಲ್ ನಿಲ್ಲಿಸಿ, “ತಗೋ, ಇನ್ನ ಹಿಟ್ಟಿನ ಡಬ್ಬಿ ಇಡು,” ಅಂದೆ.

“ಡಬ್ಬಿ ಯಾರ ಕೇಳ್ಯಾರ್ರಿ?” ಮಹಾದೇವಿ ಸೀರೆಯ ನೆರಿಗೆ ಹಿಡಿದುಕೊಂಡು ಬಂದು, ಕ್ಯಾರಿಯರನ್ನು ಸೆರಗಿನಿಂದ ಒರೆಸಿ, ಕೂತೇಬಿಟ್ಟಳು. “ನಡೀರಿ.”

ತೊಂಬತ್ತೇಳರಲ್ಲಿ ಮದುವೆಯಾದಾಗ ನನಗೆ ರನ್ನ ಬೆಳಗಲಿಯಲ್ಲಿ ನೌಕರಿ. ಒಂದು ಹಳೆಯ ಕರಿ ಸೈಕಲ್ ಇತ್ತು. ಸಂಜೆ ಸಾಲಿ ಬಿಟ್ಟ ಮೇಲೆ ಆಕೆಯನ್ನು ಕ್ಯಾರಿಯರ್ ಮೇಲೆ ಕೂಡಿಸಿಕೊಂಡು ಕಬ್ಬಿನ ಹೊಲದ ನಡುವಿನ ದಾರಿಯಲ್ಲಿ ಸುತ್ತುತ್ತಿದ್ದೆ. ಆಮೇಲೆ ಸ್ಕೂಟರ್ ಬಂತು. ಅದರ ಹಿಂದೆಯೂ ಆಕೆ ಇದ್ದಳು. ಸ್ಕೂಟರ್ ಮಾರಿದ ದಿನದಿಂದ ನಾವಿಬ್ಬರೂ ಕೂಡಿ ಸಂತೆಗೂ ಹೋಗಿರಲಿಲ್ಲ. ಇದು ನನಗೆ ಹೊಳೆದದ್ದು ಆಕೆ ‘ನಡೀರಿ’ ಅಂದಾಗಲೇ.

ಪಕ್ಕದ ರಬಕವಿ ಕಡೆಗೆ ತುಳಿದೆ. ಆಕೆ ಹಿಂದಿನಿಂದ ಏನೇನೋ ಹೇಳುತ್ತಿದ್ದಳು. ಯಾರ ಮನೆಗೆ ಬಣ್ಣ ಹೊಡೆದಿದ್ದಾರೆ, ಯಾವ ಬೇವಿನ ಗಿಡ ಕಡಿದಿದ್ದಾರೆ. ಮನೆಯಲ್ಲಿ ಆಕೆ ಇಷ್ಟು ಮಾತಾಡಿ ಯಾವ ಕಾಲವಾಗಿತ್ತೋ. ಅಷ್ಟರಲ್ಲಿ ಒಂದು ತಗ್ಗು ಬಂತು. ಸೊಂಟದಿಂದ ನೆತ್ತಿಯವರೆಗೆ ಹೊಡೆಯಿತು. ಬಾಯಿಂದ ‘ಯವ್ವಾ’ ಬಂದೇಬಿಟ್ಟಿತು.

“ಯಾಕ್ರೀ? ಇದಕ್ಕ ಸ್ಪ್ರಿಂಗ್ ಐತಲ್ರೀ?”

ಹೇಳಲೇಬೇಕಾಯಿತು. ಕ್ಯಾರಿಯರ್ ಇದ್ದರೆ ಸ್ಪ್ರಿಂಗ್ ಇಲ್ಲ, ಸ್ಪ್ರಿಂಗ್ ಇದ್ದರೆ ಕ್ಯಾರಿಯರ್ ಇಲ್ಲ.

ಆಕೆ ತಟ್ಟನೆ ಇಳಿದಳು. “ಮನಿಗಿ ಹೋಗಿ ಮೊದಲ ಬಿಚ್ರಿ ಅದನ್ನ. ನಾ ಆಟೋದಾಗ ಓಡ್ಯಾಡತೇನಿ, ಅದಕ್ಕೇನಾತು.” ಸಿಟ್ಟಿರಲಿಲ್ಲ ಆ ದನಿಯಲ್ಲಿ. ಸಿಟ್ಟಿದ್ದಿದ್ದರೆ ಒಳ್ಳೆಯದಿತ್ತು. ಹತ್ತು ಅಂದರೂ ಹತ್ತಲಿಲ್ಲ. ಸೈಕಲ್ ತಳ್ಳಿಕೊಂಡು ನಾನು, ಪಕ್ಕದಲ್ಲಿ ಆಕೆ, ಮನೆಯವರೆಗೂ ನಡೆದೇ ಬಂದೆವು.

ಸ್ಪ್ಯಾನರ್ ನಾಲ್ಕು ದಿನದಿಂದ ಕಿಟಕಿಯಲ್ಲಿದೆ. ಬಿಚ್ಚಿದರೆ ಬೆನ್ನು ಉಳಿಯುತ್ತದೆ. ಇನ್ನೂ ಬಿಚ್ಚಿಲ್ಲ. ಆರಿಸುವುದು ಬೆಳಗಾವಿಯಲ್ಲೇ ಮುಗಿಯಿತು ಅಂದುಕೊಂಡಿದ್ದೆನಲ್ಲ, ಎಂಥ ಮೂರ್ಖ ನಾನು.

ಕೂಡುವವರು ಒಬ್ಬರೇನಾ ಎಂದು ಕೇಳಬೇಕೆಂದು ಆ ಅಂಗಡಿಯವನಿಗೆ ಹೊಳೆಯಿತು. ನಾಲ್ಕು ತಿಂಗಳಲ್ಲಿ ನನಗೇಕೆ ಒಮ್ಮೆಯೂ ಹೊಳೆಯಲಿಲ್ಲ?