ದೊಡ್ಡ ಸ್ಪೀಕರಿಗೆ ಅತ್ತೆಯ ಹೆಸರು

ಸಭಾಂಗಣದ ಹಿಂದೆ ಮೆಟ್ಟಿಲು ಹತ್ತಿದರೆ ಗಾಜಿನ ಕಿಟಕಿಯ ಪುಟ್ಟ ಕೋಣೆ. ಒಳಗೊಂದು ಕಂಪ್ಯೂಟರ್, ಕಾಲಿಟ್ಟಲ್ಲೆಲ್ಲ ವೈರು. ಅಲ್ಲಿ ಕೂತು ಪರದೆಗೆ ಚಿತ್ರ, ಸ್ಪೀಕರಿಗೆ ಹಾಡು ಕಳಿಸುವವಳನ್ನು ಎಲ್ಲರೂ ಸ್ವಿಚ್ಚಕ್ಕ ಎಂದೇ ಕರೆಯುತ್ತಿದ್ದರು. ಅವಳಿಗೇನೂ ಬೇಜಾರಿರಲಿಲ್ಲ, ಆ ಕೋಣೆಯೆಂದರೆ ಅವಳಿಗೆ ಪ್ರಾಣ.

ಇದ್ದದ್ದು ಒಂದೇ ತಲೆನೋವು. ಸ್ಪೀಕರುಗಳೆಲ್ಲ ಒಂದೇ ಕಂಪನಿಯವು. ಕಂಪ್ಯೂಟರ್ ಮಹಾರಾಯ ಎಲ್ಲಕ್ಕೂ ಒಂದೇ ಹೆಸರು ಕೊಟ್ಟು ಒಂದು, ಎರಡು, ಮೂರು ಎನ್ನುತ್ತಿದ್ದ. ವೈರು ಕಿತ್ತು ಚುಚ್ಚಿದರೆ ಎಣಿಕೆಯೇ ಅದಲುಬದಲು. ಒಮ್ಮೆ ವೇದಿಕೆಯ ಹಾಡು ಹೊರಗಿನ ಮೊಗಸಾಲೆಗೆ ಹೋಗಿ, ಟೀ ಕುಡಿಯುತ್ತಿದ್ದವರು ಬೆಚ್ಚಿಬಿದ್ದಿದ್ದರು.

ಅಂದೇ ಅವಳು ಎಲ್ಲಕ್ಕೂ ಮರೆಯಲಾಗದ ಹೆಸರಿಟ್ಟಳು. ಕಿವಿಯಲ್ಲಷ್ಟೇ ಪಿಸುಗುಡುವ ಹೆಡ್‌ಫೋನ್ ‘ಯಜಮಾನರು’. ಒಳಗಿನ ಸುದ್ದಿ ಹೊರಗೆ ಮುಟ್ಟಿಸುವ ಮೊಗಸಾಲೆಯ ಸ್ಪೀಕರ್ ‘ನಾದಿನಿ’. ಇಡೀ ಸಭಾಂಗಣವನ್ನು ನಡುಗಿಸುವ ದೊಡ್ಡದು ‘ಅತ್ತೆ’. ಎರಡು ಪರದೆಗಳ ಮೇಲೂ ಒಂದು, ಎರಡು ಎಂದು ಅಂಕಿ ಮೂಡಿಸಿ, ಮೇಜಿನದು ಯಾವುದು, ವೇದಿಕೆಯದು ಯಾವುದು ಎಂದು ಕಣ್ಣಾರೆ ನೋಡದೆ ಅವಳು ಯಾವ ಕಾರ್ಯಕ್ರಮವನ್ನೂ ಶುರು ಮಾಡುತ್ತಿರಲಿಲ್ಲ.

ಒಂದು ಭಾನುವಾರ ಅಲ್ಲಿ ಅವಳ ಮಗಳ ನೃತ್ಯ. ಮುಂದಿನ ಸಾಲಿನಲ್ಲಿ ನಿಜವಾದ ಅತ್ತೆ. ಸೊಸೆ ನೆಮ್ಮದಿಯಾಗಿ ಕೆಲಸಕ್ಕೆ ಹೋಗಲೆಂದು ಮೊಮ್ಮಗಳನ್ನು ಮಡಿಲಲ್ಲಿಟ್ಟುಕೊಂಡು ಸಾಕಿದವರು. ಈ ನಾಮಕರಣ ಅವರ ಕಿವಿಗೆ ಬಿದ್ದರೆ ನೊಂದುಕೊಂಡಾರು ಎಂಬ ಅಳುಕು ಸ್ವಿಚ್ಚಕ್ಕನಿಗೆ ಇದ್ದೇ ಇತ್ತು.

ಮಗಳು ವೇದಿಕೆಗೆ ಬರುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಗಿ ಬಂತು. ಕಂಪ್ಯೂಟರ್ ಮತ್ತೆ ಎದ್ದಿತು. ಮಗು ಕೈ ಎತ್ತಿ ನಿಂತಿದೆ, ಹಾಡಿನ ಸದ್ದೇ ಇಲ್ಲ. ಪರದೆ ಪರೀಕ್ಷಿಸಲು ಪುರುಸೊತ್ತೆಲ್ಲಿ? ಗಡಿಬಿಡಿಯಲ್ಲಿ ಸ್ಪೀಕರುಗಳ ಪಟ್ಟಿ ತೆರೆದಳು.

ಸಭಾಂಗಣ ಗೊಳ್ಳೆಂದಿತು. ತಲೆ ಎತ್ತಿದರೆ, ಮೇಜಿನ ಪರದೆಯಲ್ಲಿದ್ದ ಪಟ್ಟಿಯೇ ವೇದಿಕೆಯ ಪರದೆಯಲ್ಲೂ. ಮಗಳ ಬೆನ್ನ ಹಿಂದೆ ಆಳೆತ್ತರದ ಅಕ್ಷರ: ‘ಅತ್ತೆ: ಧ್ವನಿ ಬಂದ್’.

ಮೌಸ್ ಮೇಲಿನ ಸ್ವಿಚ್ಚಕ್ಕನ ಬೆರಳು ಅಲ್ಲಾಡಲೇ ಇಲ್ಲ. ಅದು ಯಾರ ಮನೆಯ ಅತ್ತೆ ಎಂದು ಮುಂದಿನ ಸಾಲಿನಲ್ಲಿದ್ದ ಅತ್ತೆಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಎದ್ದು ನಿಂತು, ಕಿಟಕಿಯತ್ತ ತಿರುಗಿ, ಮೈಕಿನ ಹಂಗಿಲ್ಲದೆ ಕೂಗಿದರು:

“ಏನೇ, ನೋಡ್ತಾ ಕೂತಿದ್ದೀಯಲ್ಲ! ನನ್ನ ಬಾಯಿ ಕಟ್ಟಿದ್ದು ಸಾಕು, ಬಿಚ್ಚೇ! ಮಗು ಕಾಯ್ತಾ ಇದೆ!”

ಬೆರಳು ತಾನಾಗಿ ಒತ್ತಿತು. ಹಾಡು ಬಂತು, ಮಗು ಕುಣಿಯಿತು, ಜನ ಚಪ್ಪಾಳೆ ತಟ್ಟಿದರು. ಹೆತ್ತವಳಿಗೆ ಮಾತ್ರ ಒಂದು ಹೆಜ್ಜೆಯೂ ಕಣ್ಣಿಗೆ ಬೀಳಲಿಲ್ಲ.

ಮುಗಿದ ಮೇಲೆ ಅತ್ತೆ ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು. ಸೊಸೆ ಧಡಕ್ಕನೆ ಎದ್ದಳು.

“ತಪ್ಪಾಯ್ತು ಅತ್ತೆ. ಈಗಲೇ ಹೆಸರು ಬದಲಾಯಿಸಿಬಿಡ್ತೀನಿ.”

“ಅದಿರಲಿ. ನಾನು ಯಾವುದು, ತೋರಿಸು.”

ವೇದಿಕೆಯ ಬದಿಗೆ ಬೀರುವಿನಷ್ಟೆತ್ತರ ನಿಂತಿದ್ದ ಸ್ಪೀಕರನ್ನು ಸೊಸೆ ತೋರಿಸಿದಳು. ಅತ್ತೆ ಕುರ್ಚಿಯಲ್ಲಿ ಕೂತು ದಮ್ಮು ತೆಗೆದುಕೊಳ್ಳುತ್ತಾ ಅದನ್ನೇ ನೋಡಿದರು.

“ಹಾಡು ಬಂದಿದ್ದು ಅದರಿಂದಲೇ ತಾನೇ?”

“ಹೂಂ.”

“ಹಾಗಿದ್ರೆ ನನ್ನ ಮೊಮ್ಮಗಳು ಕುಣಿದಿದ್ದು ನನ್ನ ಧ್ವನಿಗೆ. ಹೆಸರು ಬದಲಾಯಿಸಿದ್ರೆ ನೋಡು ಮತ್ತೆ!”