ಸುಂದ್ರಿಯ ಸೋಮವಾರದ ಉಪವಾಸ

ನಮ್ಮ ಕೇರಿಯಲ್ಲಿ ಒಂದು ಕಥೆ ಓಡಾಡುತ್ತಿದೆ. ನಮ್ಮ ಮನೆಯ ನಾಯಿ ಸುಂದ್ರಿ ಶ್ರಾವಣದ ಸೋಮವಾರಗಳಲ್ಲಿ ಉಪವಾಸ ಮಾಡುತ್ತದಂತೆ. ಈ ಸಲ ಉಪವಾಸದ ದಿನವೇ ಸತ್ತು ಬಿತ್ತಂತೆ. ನನ್ನ ಅತ್ತೆ, ಅಂದರೆ ಅಪ್ಪನ ಅಕ್ಕ, ಅದರ ಬಾಯಿಗೆ ಪಂಚಾಮೃತ ಬಿಟ್ಟಳಂತೆ. ಎದ್ದು ಕೂತಿತಂತೆ. ಅಂಕೋಲೆಯಿಂದ ಕಾರವಾರಕ್ಕೆ ಹೋಗುವ ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸೊಬ್ಬಳು ಇದನ್ನು ನನಗೇ ಹೇಳಿದಳು, ನಾಯಿ ನಮ್ಮದೆಂದು ತಿಳಿಯದೆ. ಹೇಳಿ ಮುಗಿಸಿ ಕೈ ಮುಗಿದಳು.

ನಾನು ಕಾಲೇಜಿನಲ್ಲಿ ಡಿಬೇಟ್ ಟೀಮಿನಲ್ಲಿದ್ದವಳು, ಈಗ ಕಾರವಾರದಲ್ಲಿ ವಕೀಲರೊಬ್ಬರ ಕೈಕೆಳಗೆ ಜೂನಿಯರ್. ಯಾರಾದರೂ ಕಥೆ ಹೇಳಿದರೆ ಅದರ ಯಾವ ಕೀಲು ಸಡಿಲವಾಗಿದೆ ಎಂದು ನೋಡುವುದು ಅಭ್ಯಾಸವಾಗಿಹೋಗಿದೆ. ಈ ಕಥೆಯಲ್ಲಿ ಸಡಿಲವಿರುವುದು ಉಪವಾಸ. ಉಪವಾಸ ಮಾಡುವವರು ಮೊದಲು ಅದಕ್ಕೆ ಮನಸ್ಸು ಮಾಡಿರುತ್ತಾರೆ. ಸುಂದ್ರಿ ಯಾವ ಮನಸ್ಸನ್ನೂ ಮಾಡಿರಲಿಲ್ಲ.

ಅವಳಿಗೆ ಮೀನು ಹಾಕಿರಲಿಲ್ಲ.

ಮೊದಲು ಕಂಡದ್ದು ಇರುವೆ. ಬೇಸಿಗೆಯಲ್ಲಿ, ಹಿತ್ತಲ ಬಾವಿಕಟ್ಟೆಯ ಹತ್ತಿರ ಸುಂದ್ರಿ ಉಚ್ಚೆ ಹೊಯ್ದಲ್ಲೆಲ್ಲ ಇರುವೆ ಮುತ್ತುತ್ತಿದ್ದವು. ಬಕೆಟ್ಟಿನ ನೀರನ್ನು ನಿಂತ ನಿಲುವಿನಲ್ಲೇ ಖಾಲಿ ಮಾಡುತ್ತಿದ್ದಳು. ಎರಡು ಪಟ್ಟು ತಿನ್ನುತ್ತಿದ್ದಳು, ಪಕ್ಕೆಲುಬು ಎಣಿಸುವ ಹಾಗೆ ಕಾಣುತ್ತಿದ್ದವು. ಅತ್ತೆಗೆ ಕನಿಕರ. ಊಟದ ಮೇಲೆ ಒಂದು ಚೂರು ಬೆಲ್ಲ ಸೇರಿಸಿ ಹಾಕತೊಡಗಿದಳು.

"ಸೆಕೆ ತಂಗಿ, ಎಲ್ಲರಿಗೂ ನೀರಡಿಕೆ ಆಗ್ತದೆ. ನೀ ಎಲ್ಲದ್ಕೂ ರೋಗ ಹುಡುಕ್ಬೇಡ," ಅಂದಳು.

ಅಂಕೋಲೆಯ ಪಶುವೈದ್ಯರು ರಕ್ತ ತೆಗೆದರು, ಮೀಟರ್ ನೋಡಿದರು, ಇನ್ನೊಂದು ಸಲ ತೆಗೆದರು.

"ಮರಿ ಆಗದ ಹಾಗೆ ಆಪರೇಷನ್ ಮಾಡ್ಸಿದ್ರಾ?"

"ಇಲ್ಲ."

"ವಯಸ್ಸಾದ ಹೆಣ್ಣು ನಾಯಿ, ಆಪರೇಷನ್ ಇಲ್ಲ. ಹೀಗಾಗ್ತದೆ. ಡಯಾಬಿಟಿಸ್."

ಅತ್ತೆ ಅದನ್ನು ಕೇಳಿ ನಕ್ಕಳು. "ಮನುಷ್ಯರಿಗೆ ಕೊಟ್ಟು ಮಿಕ್ಕಿತ್ತೇನೋ ದೇವರ ಹತ್ರ, ನಾಯಿಗೂ ಹಂಚಿದ್ನಾ?"

ದಿನಾ ಇನ್ಸುಲಿನ್ ಚುಚ್ಚುವುದನ್ನೂ ಮನೆಯಲ್ಲೇ ಶುಗರ್ ನೋಡುವುದನ್ನೂ ಡಾಕ್ಟರು ಕಲಿಸಿಕೊಟ್ಟರು. ಕಿವಿಯ ಅಂಚನ್ನು ಬಿಸಿನೀರಲ್ಲಿ ಅದ್ದಿದ ಬಟ್ಟೆಯಿಂದ ಬೆಚ್ಚಗೆ ಮಾಡಬೇಕು. ತೆಳ್ಳಗೆ ವ್ಯಾಸಲೀನ್ ಸವರಬೇಕು, ಇಲ್ಲದಿದ್ದರೆ ರಕ್ತ ಕೂದಲಲ್ಲಿ ಹರಡಿಹೋಗುತ್ತದೆ. ಕಿವಿಯ ಹಿಂದೆ ಹತ್ತಿ ಒತ್ತಿ ಹಿಡಿದು ಲ್ಯಾನ್ಸೆಟ್ ಚುಚ್ಚಬೇಕು, ನರ ತಪ್ಪಿಸಿ. ಸಾಸಿವೆಯಷ್ಟು ಹನಿ ಎದ್ದರೆ ಸಾಕು, ಸ್ಟ್ರಿಪ್ಪಿನ ತುದಿ ಮುಟ್ಟಿಸಿದರೆ ಅದೇ ಹೀರಿಕೊಳ್ಳುತ್ತದೆ. ಮೀಟರ್ ಮನುಷ್ಯರದ್ದೇ. ನಾಯಿಯ ರಕ್ತಕ್ಕೆ ಅದು ಸ್ವಲ್ಪ ಕಡಿಮೆ ತೋರಿಸಬಹುದು, ಒಂದೇ ಅಂಕಿ ಹಿಡಿದುಕೊಂಡು ಕೂರಬೇಡಿ, ಏರಿಳಿತ ನೋಡಿ ಎಂದರು.

ಡಾಕ್ಟರ ಟೇಬಲ್ಲಿನ ಮೇಲೆ ಇದು ನಿಮಿಷದ ಕೆಲಸ. ನಮ್ಮ ಜಗಲಿಯಲ್ಲಿ ಕುಸ್ತಿ. ಮೊದಮೊದಲು ಹನಿಯೇ ಬರುತ್ತಿರಲಿಲ್ಲ. ಬಂದರೆ ಅವಳು ತಲೆ ಕೊಡವುತ್ತಿದ್ದಳು, ಗೋಡೆಗೆ, ನನ್ನ ಅಂಗಿಗೆ, ನನ್ನ ಕೆನ್ನೆಗೆ ಚುಕ್ಕೆ. ಸ್ಟ್ರಿಪ್ ಹಾಳು. ಮತ್ತೆ ಚುಚ್ಚು. ನಾನು ಬಿಟ್ಟುಕೊಡುವವಳಲ್ಲ, ಮೊಣಕಾಲಿನ ನಡುವೆ ಅವಳನ್ನು ಒತ್ತಿ ಹಿಡಿದು ಚುಚ್ಚಿದ್ದೇನೆ. ಅವಳು ಅಳುವುದನ್ನು ಕೇಳುತ್ತ, ಇದು ನಿನ್ನ ಒಳ್ಳೆಯದಕ್ಕೇ ಎಂದು ಹೇಳುತ್ತ. ಆ ವಾಕ್ಯವನ್ನು ಹಿಂಸೆ ಮಾಡುವವರೆಲ್ಲ ಹೇಳುತ್ತಾರೆ ಎಂಬುದು ಚುಚ್ಚುವಾಗಲೂ ನನಗೆ ಗೊತ್ತಿತ್ತು.

ಸುಂದ್ರಿ ಜೀವಮಾನದಲ್ಲಿ ಕಚ್ಚಿದ್ದು ಒಬ್ಬಳನ್ನೇ. ನನ್ನನ್ನು.

ನಾನು ಮೀಟರಿನ ಚೀಲದ ಜಿಪ್ ಎಳೆದರೆ ಸಾಕು, ಅತ್ತೆಯ ಮಂಚದಡಿ ನುಗ್ಗುತ್ತಿದ್ದಳು. ಅತ್ತೆ ಅಲ್ಲಿಂದ ನನಗೆ ಕೇಳುವ ಹಾಗೆ ಅವಳಿಗೆ ಹೇಳುತ್ತಿದ್ದಳು. "ಬಾರೆ ಬಾಯಿ, ಇಲ್ಲಿ ಬಾ. ಅವ್ಳ ಕೈಯಲ್ಲಿ ಸೂಜಿ ಅದೆ, ನನ್ನ ಕೈಯಲ್ಲಿ ಅನ್ನ ಅದೆ. ನೀನೇ ನೋಡಿ ಹೇಳು, ಯಾರು ಬೇಕು."

ಡಾಕ್ಟರು ಹೇಳಿದ ಒಂದು ಮಾತನ್ನು ಮಾತ್ರ ನಾನು ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ ಮಾಡಿಸಿದ್ದೆ. ಮೊದಲು ಊಟ, ಆಮೇಲೆ ಇನ್ಸುಲಿನ್. ಊಟ ಇಲ್ಲ ಅಂದರೆ ಇನ್ಸುಲಿನ್ ಹಾಕುವ ಮೊದಲು ಡಾಕ್ಟರಿಗೆ ಫೋನ್. "ಶುಗರ್ ಹೆಚ್ಚಾದ್ರೆ ನಾಯಿ ನಿಧಾನಕ್ಕೆ ಸಾಯ್ತದೆ. ಕಡಿಮೆ ಆದ್ರೆ ಅದೇ ದಿನ ಸಾಯ್ತದೆ," ಎಂದಿದ್ದರು. ಅತ್ತೆಯೂ ಅದನ್ನು ಕೇಳಿದ್ದಳು. ಒಪ್ಪಿಸಿಯೂ ತೋರಿಸಿದ್ದಳು, ಡಾಕ್ಟರ ದನಿ ತೆಗೆದು ಅಣಕಿಸುತ್ತ.

ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಅಪ್ಪ ಬೋಟು ಹತ್ತಿದ. ಶ್ರಾವಣ ಬಂತು. ನಮ್ಮದು ಮೀನಿನಿಂದಲೇ ನಡೆಯುವ ಮನೆ, ಆಯಿ, ನನ್ನ ಅಮ್ಮ, ಮಾರ್ಕೆಟ್ಟಿನಲ್ಲಿ ಮೀನು ಮಾರುತ್ತಾಳೆ. ತಿಂಗಳಿಡೀ ಬಿಟ್ಟರೆ ಹೊಟ್ಟೆಗೇನು. ಆದ್ದರಿಂದ ಅತ್ತೆಯ ನೇಮ ಸೋಮವಾರಕ್ಕೆ ಮಾತ್ರ. ಅವಳ ತಮ್ಮ, ಅಂದರೆ ನನ್ನ ಅಪ್ಪ, ನೀರಿನ ಮೇಲಿರುವಾಗ ಶ್ರಾವಣ ಸೋಮವಾರ ಮನೆಯ ಹೊಸ್ತಿಲೊಳಗೆ ಮೀನು ಬರಬಾರದು. ಆಯಿ ಬುಟ್ಟಿಯನ್ನು ಹೊರಗೇ ಇಟ್ಟು, ಬಾವಿಕಟ್ಟೆಯಲ್ಲಿ ತಲೆಗೆ ನೀರು ಹಾಕಿಕೊಂಡು ಒಳಗೆ ಬರಬೇಕು. ಮೊಟ್ಟೆಯೂ ಇಲ್ಲ.

ಸುಂದ್ರಿ ಹುಟ್ಟಿದಾಗಿನಿಂದ ಬಾಂಗ್ಡೆ ಮೀನಿನ ತಲೆ ಕಲಸಿದ ಅನ್ನ ತಿಂದವಳು. ಬರೀ ಅನ್ನ ಹಾಕಿದರೆ ಮೂಸಿ ಹೋಗುತ್ತಾಳೆ. ಹಿಂದಿನ ವರ್ಷಗಳಲ್ಲೂ ಸೋಮವಾರ ಹಾಗೇ ಮೂಸಿ ಹೋಗಿದ್ದಳು, ಅತ್ತೆ ಬಂದವರಿಗೆಲ್ಲ ತೋರಿಸಿದ್ದಳು. "ನೋಡಿ, ಮುಟ್ಟುದಿಲ್ಲ. ಅದ್ಕೂ ವಾರ ಗೊತ್ತಾಗ್ತದೆ." ಆಗ ನಾನೂ ನಕ್ಕಿದ್ದೆ. ಆಗ ಅವಳಿಗೆ ರೋಗ ಇರಲಿಲ್ಲ, ಒಂದು ದಿನ ತಿನ್ನದಿದ್ದರೆ ಏನೂ ಆಗುತ್ತಿರಲಿಲ್ಲ.

ಈ ವರ್ಷದ ಮೊದಲ ಸೋಮವಾರ ಹಾಲು ಅನ್ನ ಕೈಯಾರೆ ತಿನ್ನಿಸಿದೆ, ಗೊಣಗುತ್ತ ತಿಂದಳು. ಎರಡನೆಯ ಸೋಮವಾರ ನನಗೆ ಕೋರ್ಟಿಗೆ ಬೇಗ ಹೋಗಬೇಕಿತ್ತು. ನಾನು ಸ್ನಾನಕ್ಕೆ ಹೋದಾಗ ಅತ್ತೆ ಅನ್ನ ಹಾಕಿದಳು. ಬಂದು ನೋಡಿದರೆ ತಟ್ಟೆ ಖಾಲಿ, ತೊಳೆದಷ್ಟು ಚೊಕ್ಕ.

"ತಿಂದ್ಲಾ?"

"ತಟ್ಟೆ ಕಾಣುದಿಲ್ವಾ ನಿಂಗೆ? ತಿಂದ್ಲು."

ಶುಗರ್ ನೋಡಿದೆ. ದಿನಾ ಬೆಳಿಗ್ಗೆ ಇರುವ ಹಾಗೇ ಇತ್ತು. ಇನ್ಸುಲಿನ್ ಹಾಕಿ ಬಸ್ ಹಿಡಿದೆ.

ಕೋರ್ಟಿನ ಹೊರಗಿದ್ದಾಗ ಫೋನ್ ಬಂತು. ಪಕ್ಕದ ಮನೆಯ ರೋಜಿ ಬಾಯಿ. ಅವರ ಗಂಡ ಅಪ್ಪನ ಬೋಟಿನಲ್ಲೇ ಕೆಲಸ ಮಾಡುವವರು.

"ನಿಮ್ಮ ನಾಯಿ ಕಾಲು ಬಡೀತಾ ಬಿದ್ಕಂಡದೆ. ಬಾಯಲ್ಲಿ ನೊರೆ. ನಿನ್ನ ಅತ್ತೆ ಮಂತ್ರ ಹೇಳ್ತಾ ಕೂತಾಳೆ. ನಾ ಎಂತ ಮಾಡ್ಲಿ, ಬೇಗ ಹೇಳು."

ಡಾಕ್ಟರಿಗೆ ಫೋನ್ ಮಾಡಿದೆ. ವಸಡಿಗೆ ಜೇನು ಸವರಿ, ಬಾಯೊಳಗೆ ಸುರಿಯಬೇಡಿ, ಕೂಡಲೇ ಇಲ್ಲಿಗೆ ತನ್ನಿ ಎಂದರು. ಅದನ್ನೇ ರೋಜಿ ಬಾಯಿಗೆ ಹೇಳಿದೆ. "ಜೇನು ಹಾಕಿದ ಪಂಚಾಮೃತ ನಿನ್ನ ಅತ್ತೆ ಆಗ್ಲೇ ಬಾಯಿಗೆ ಹಚ್ಚಿಯಾಯ್ತು. ಈಗ ತಲೆ ಎತ್ತಿ ನೋಡ್ತಾ ಅದೆ," ಎಂದರು ಅವರು. ಎದುರು ಪಕ್ಷಕ್ಕೆ ಸಲ್ಲಬೇಕಾದ ಅಂಕವನ್ನು ಕೊಡುತ್ತೇನೆ: ಆ ಜೇನು ಕೆಲಸ ಮಾಡಿತು. ದೇವರ ಮುಂದೆ ಇಟ್ಟ ಜೇನಿನಲ್ಲೂ ಸಕ್ಕರೆ ಇರುತ್ತದೆ.

ಆದರೆ ಊರಿನ ಕಥೆ ಅಲ್ಲಿಗೇ ನಿಲ್ಲುತ್ತದೆ. ರೋಜಿ ಬಾಯಿ ಸುಂದ್ರಿಯನ್ನು ಹಳೇ ಸೀರೆಯಲ್ಲಿ ಸುತ್ತಿ ಆಟೋದಲ್ಲಿ ಒಯ್ದದ್ದು ಅದರಲ್ಲಿಲ್ಲ. ದಾರಿಯಲ್ಲಿ ಮತ್ತೆ ಫಿಟ್ಸ್ ಬಂದದ್ದು ಇಲ್ಲ. ನಾನು ಬಸ್ಸಿಳಿದು ಓಡಿ ಹೋದಾಗ ಅವಳ ಕಾಲಿಗೆ ಡ್ರಿಪ್ ಹಾಕಿದ್ದರು. ಡಾಕ್ಟರು ಮೀಟರನ್ನು ನನ್ನ ಕಡೆ ತಿರುಗಿಸಿದರು. ಅದರಲ್ಲಿ ಅಂಕಿ ಇರಲಿಲ್ಲ. ಲೋ ಎಂದಿತ್ತು, ಅಂಕಿಗೂ ಸಿಗದಷ್ಟು ಕಡಿಮೆ.

"ಬೆಳಿಗ್ಗೆ ಏನು ತಿಂದಿತ್ತು?"

"ಅನ್ನ ತಿಂದಿದೆ."

ಸುಂದ್ರಿ ಟೇಬಲ್ಲಿನ ಮೇಲೆ ವಾಂತಿ ಮಾಡಿದ್ದಳು. ಡಾಕ್ಟರು ಅದನ್ನು ನೋಡಿದರು. ಬರೀ ಹಳದಿ ನೀರು.

ಅವಳು ಬದುಕಿದಳು. ಸಂಜೆ ಮನೆಗೆ ಕರೆತಂದೆ. ಅಂಗಳದಲ್ಲಿ ಇಳಿಸಿದರೆ ನೇರವಾಗಿ ಹೋಗಿ ಕಂಬಕ್ಕೆ ಹಾಯ್ದಳು. ಹಿಂದೆ ಸರಿದು ಮತ್ತೆ ಅದೇ ಕಂಬಕ್ಕೆ ಹಾಯ್ದಳು. ಅಷ್ಟರಲ್ಲಿ ಅಂಗಳದಲ್ಲಿ ಹೆಂಗಸರು ಸೇರಿದ್ದರು, ಒಬ್ಬಳು ಅರಿಶಿನ ಕುಂಕುಮ ಹಿಡಿದುಕೊಂಡೇ ಬಂದಿದ್ದಳು. ಕಾಣದ ಕೈ ಹಣೆ ಮುಟ್ಟಿದ್ದಕ್ಕೆ ಸುಂದ್ರಿ ಬೆಚ್ಚಿ ಕೆಳಗೆ ಕೂತಳು. "ನಮಸ್ಕಾರ ಮಾಡ್ತು ನೋಡೆ," ಅಂದಳು ಆ ಹೆಂಗಸು.

ಕಣ್ಣಿನಲ್ಲಿ ಪೊರೆ ಮೊದಲೇ ಬರುತ್ತಿತ್ತು, ಹಳೆಯ ಶುಗರಿನಿಂದ. ಆ ದಿನದ ಲೋ ಮಿದುಳಿಗೆ ಪೆಟ್ಟು ಕೊಟ್ಟು ಎಷ್ಟು ನೋಟ ಕಸಿಯಿತು, ಪೊರೆ ಎಷ್ಟು ಕಸಿಯಿತು ಎಂದು ಡಾಕ್ಟರು ಬಿಡಿಸಿ ಹೇಳಲಾರರು. ನಾನೂ ಹೇಳಲಾರೆ. ಈಗ ಅವಳು ಮೂಲೆಗೆ ಮುಖ ಮಾಡಿ ನಿಲ್ಲುತ್ತಾಳೆ, ತಿರುಗುವುದು ಮರೆತುಹೋಗುತ್ತದೆ. ಯಾರಾದರೂ ಹಿಡಿದು ತಿರುಗಿಸಬೇಕು. ಇಷ್ಟು ಖಚಿತ.

ಮರುದಿನ ಅತ್ತೆಯನ್ನು ಅಡುಗೆಮನೆಯಲ್ಲಿ ಹಿಡಿದೆ.

"ಅನ್ನ ಎಲ್ಲಿ ಹೋಯ್ತು?"

"ಕಾಗೆಗೆ ಹಾಕ್ದೆ."

"ತಿಂದ್ಲು ಅಂದ್ಯಲ್ಲ."

"ಇಲ್ಲ ಅಂದಿದ್ರೆ ನೀ ಬಿಡ್ತಿದ್ಯಾ? ಓಡಿಹೋಗಿ ಮೀನು ತರ್ತಿದ್ದೆ. ಈ ಒಲೆ ಮೇಲೇ ಬೇಯಿಸ್ತಿದ್ದೆ. ನಿನ್ನಪ್ಪ ಅಲ್ಲಿ ನೀರಿನ ನಡುವೆ ಇದ್ದ. ನನಗೆ ಒಬ್ನೇ ತಮ್ಮ. ನಾಯಿ ಬೇರೆ ಸಿಗ್ತದೆ."

"ರೋಜಿ ಬಾಯಿ ಗಂಡನೂ ಅದೇ ಬೋಟಲ್ಲಿದ್ದ. ಅವರ ಮನೇಲಿ ನಿನ್ನೆ ಬಾಂಗ್ಡೆ ಸಾರು. ಆ ಬೋಟು ಮುಳುಗ್ತಾ?"

ಅತ್ತೆ ಹಿಟ್ಟು ನಾದುವುದನ್ನು ನಿಲ್ಲಿಸಲಿಲ್ಲ. "ಅವ್ಳ ಗಂಡನೂ ನಮ್ಮ ನೇಮದ ಮೇಲೇ ತಿರುಗಿ ಬಂದಾನೆ. ಪುಕ್ಕಟೆ. ಹೋಗಿ ಹೇಳು ಅವ್ರಿಗೆ."

ಅಂಥ ವಾದವನ್ನು ಸೋಲಿಸಲು ನನಗೆ ಯಾರೂ ಕಲಿಸಿಲ್ಲ. ಬೋಟು ಬಂದರೆ ನೇಮದಿಂದ, ನಾಯಿ ಬಿದ್ದರೆ ಸೂಜಿಯಿಂದ, ನಾಯಿ ಎದ್ದರೆ ಪಂಚಾಮೃತದಿಂದ. ಅಪ್ಪ ಮನೆಗೆ ಬಂದಾಗ ಇಬ್ಬರದೂ ಕೇಳಿ, ಬಲೆ ಹೊಲಿಯುವ ದಾರ ಹಲ್ಲಲ್ಲಿ ಕಚ್ಚಿಕೊಂಡೇ ಹೇಳಿದ, "ನಾನೂ ಬಂದೆ, ನಾಯಿನೂ ಅದೆ. ಇಬ್ರೂ ಬಾಯಿ ಮುಚ್ಚಿ." ಅವನ ಮಟ್ಟಿಗೆ ಮೊಕದ್ದಮೆ ಮುಗಿಯಿತು.

ಶ್ರಾವಣ ಮುಗಿದು ಚೌತಿಯೂ ಮುಗಿದಿದೆ. ಮುಂದಿನ ಶ್ರಾವಣದಲ್ಲಿ ಸುಂದ್ರಿಯ ಸೋಮವಾರದ ಮೀನು ರೋಜಿ ಬಾಯಿಯ ಒಲೆಯಲ್ಲಿ ಬೇಯುತ್ತದೆ, ಅವರ ಅಂಗಳದಲ್ಲೇ ಅವಳು ತಿನ್ನುತ್ತಾಳೆ ಎಂದು ತೀರ್ಮಾನವಾಗಿದೆ. ಹೊಸ್ತಿಲಿಗೂ ತೊಂದರೆಯಿಲ್ಲ, ಹೊಟ್ಟೆಗೂ ತೊಂದರೆಯಿಲ್ಲ. ಅಲ್ಲಿಯವರೆಗೆ ಸುಂದ್ರಿ ಇದ್ದರೆ, ಅಷ್ಟು ಸಾಕು ನನಗೆ.

ಕಣ್ಣು ಹೋದ ಮೇಲೆ ಅವಳಿಗೆ ನನ್ನ ಭಯ ಹೆಚ್ಚಾಗಿದೆ. ಚುಚ್ಚುವುದು ಎಲ್ಲಿಂದ ಬರುತ್ತದೆ ಎಂದು ಈಗ ಕಾಣುವುದಿಲ್ಲವಲ್ಲ. ನನ್ನ ಹೆಜ್ಜೆಯ ಸದ್ದಿಗೇ ನಡುಗುತ್ತಾಳೆ. ಅತ್ತೆಯ ಮಡಿಲಲ್ಲಿ ತಲೆ ಇಟ್ಟರೆ ಮಾತ್ರ ಸುಮ್ಮನಿರುತ್ತಾಳೆ. ಹಾಗಾಗಿ ಈಗ ದಿನವೂ ಅತ್ತೆ ಕಾಲು ಚಾಚಿ ಕೂರುತ್ತಾಳೆ, ಸುಂದ್ರಿಯ ಗಲ್ಲ ಹಿಡಿದು ಏನೋ ಗುನುಗುತ್ತಾಳೆ, ನಾನು ಕಿವಿ ಬೆಚ್ಚಗೆ ಮಾಡಿ ಚುಚ್ಚುತ್ತೇನೆ. ಒಂದೇ ಸಲಕ್ಕೆ ಹನಿ ಬರುತ್ತದೆ. ಅತ್ತೆ ಇಲ್ಲದೆ ಇದು ಆಗುವುದಿಲ್ಲ. ಇದನ್ನು ಒಪ್ಪಿಕೊಳ್ಳುವುದಕ್ಕೆ ನನಗೆ ನೋವಾಗುತ್ತದೆ, ಒಪ್ಪಿಕೊಂಡಿದ್ದೇನೆ. ಅವಳಿಗೆ ಥ್ಯಾಂಕ್ಸ್ ಅಂದಿಲ್ಲ. ಅನ್ನಬೇಕು ಅನಿಸಿದ ದಿನಗಳೂ ಇವೆ.

ಇವತ್ತು ಬೆಳಿಗ್ಗೆ ಮೀಟರಿನ ಅಂಕಿ ಚೆನ್ನಾಗಿತ್ತು. ಅತ್ತೆಗೆ ತೋರಿಸಿದೆ. ಅವಳು ಕನ್ನಡಕ ಇಲ್ಲದೆ ಕಣ್ಣು ಕಿರಿದು ಮಾಡಿ ನೋಡಿ, "ಹ್ಞಾಂ, ಸಾಕು," ಎಂದು ಸುಂದ್ರಿಯ ಕಿವಿಗೆ ಹತ್ತಿ ಒತ್ತಿದಳು. ಆ ಕೈ ಎಷ್ಟು ಹಗುರಾಗಿತ್ತೆಂದರೆ ನಾನು ಆವರೆಗೆ ಕೇಳದೇ ಬಿಟ್ಟಿದ್ದನ್ನು ಕೇಳಿಬಿಟ್ಟೆ. ಜಗಳದ ದನಿಯಲ್ಲಿ ಅಲ್ಲ.

"ಅತ್ತೆ, ಆ ಸೋಮವಾರ ನಾನು ಇನ್ಸುಲಿನ್ ಹಾಕುವಾಗ ನೀ ಹೂವಿನ ತಟ್ಟೆ ಹಿಡ್ಕಂಡು ಬಾಗಿಲಲ್ಲೇ ನಿಂತಿದ್ದೆ. ಅವಳ ಹೊಟ್ಟೆಯಲ್ಲಿ ಏನೂ ಇಲ್ಲ ಅಂತ ಈ ಮನೇಲಿ ಗೊತ್ತಿದ್ದದ್ದು ನಿನಗೊಬ್ಳಿಗೇ. ಮೀನು ತರ್ಬೇಡ ಅಂತ ಆಮೇಲೆ ಎಷ್ಟು ಬೇಕಾದ್ರೂ ಜಗಳ ಮಾಡ್ಬಹುದಿತ್ತು. ಸೂಜಿ ಒಳಗೆ ಹೋಗುವ ಮೊದಲು, ಬೇಡ ಅನ್ನುವ ಒಂದು ಮಾತು ನಿನ್ನ ಬಾಯಲ್ಲಿ ಯಾಕೆ ಬರಲಿಲ್ಲ?"